ಮೊದಲು ನೀರು ಕೇಳು

ಶನಿವಾರ. ಗ್ರಿಮ್ಸ್‌ಬಿಯ ಮಾರ್ಕೆಟ್ಟಿನ ಬಾಗಿಲಲ್ಲಿ
ಹಾಲಿನ ಕ್ರೇಟಿನ ಮೇಲೆ ನಿಂತು
ಓಲ್ಡ್‌ರಾಯ್ಡ್ ಮುದುಕ ಮೈಕು ಹಿಡಿದು ಕೂಗುತ್ತಿದ್ದ.
ಗಾಳಿ ಅವನ ಮಾತನ್ನು ಅರ್ಧಕ್ಕೇ ಕಿತ್ತು
ಹಡಗುಕಟ್ಟೆಯ ಕಡೆ ಎಸೆಯುತ್ತಿತ್ತು.
ಉಳಿದರ್ಧ
ಆಲೂಗಡ್ಡೆ ಆರಿಸುವವರ ಬೆನ್ನಿಗೆ ಬಡಿದು ಬೀಳುತ್ತಿತ್ತು.

ನನಗೆ ಆತ ಗೊತ್ತು.
ಭಾನುವಾರ ನನ್ನ ಮುಂದಿನ ಬೆಂಚಿನಲ್ಲೇ ಕೂರುತ್ತಾನೆ,
ಹಾಡಿನ ಪುಟ ತಪ್ಪಿದರೆ ತಿರುಗಿ ತೋರಿಸುತ್ತಾನೆ.
ಹೋದ ಚಳಿಗಾಲ ಬಾಯ್ಲರ್ ಕೆಟ್ಟಾಗ
ಸ್ಪ್ಯಾನರ್ ಹಿಡಿದು ಬಂದು, ದುಡ್ಡು ಮುಟ್ಟದೆ,
ಒಂದು ಹೋಳು ಉಪ್ಪಿನಕಾಯಿ ನೆಕ್ಕಿ
ಕಣ್ಣಲ್ಲಿ ನೀರು ತಂದುಕೊಂಡು ಹೋದವನು.

ಪಕ್ಕದಲ್ಲಿ ಪಾಲೀನ್ ಇದ್ದಳು.
"ನೋಡು ಆ ಹುಚ್ಚನನ್ನ" ಅಂದಳು.
ನಾನು ನಕ್ಕೆ.
ತುಟಿಯಂಚಲ್ಲಲ್ಲ, ಹಲ್ಲು ಕಾಣುವಂತೆ.
ಸ್ಕಾರ್ಫು ಹಣೆಗೆಳೆದುಕೊಂಡು ರಸ್ತೆ ದಾಟಿದೆ.

ಕೋಳಿ ಕೂಗಲಿಲ್ಲ. ಈ ಊರಲ್ಲಿ ಕೋಳಿ
ಪ್ಲಾಸ್ಟಿಕ್ ಸುತ್ತಿಕೊಂಡು ತಣ್ಣಗೆ ಮಲಗಿರುತ್ತದೆ.
ಮೀನಂಗಡಿಯ ಮಾಡಿನಿಂದ ಕಡಲಹಕ್ಕಿಯೊಂದು
ಒಮ್ಮೆ ಅರಚಿತು.
ನನಗೆ ಒಮ್ಮೆಯೇ ಸಾಕಾಯಿತು.

ನಮ್ಮಜ್ಜಿ ರಾಹೇಲಮ್ಮ, ಬಳ್ಳಾರಿಯವಳು,
ಬಂಡೆ ಸಿಡಿಯುವ ಬಿಸಿಲಲ್ಲಿ ಕರಿ ಕೊಡೆ ಹಿಡಿದು
ಮನೆಮನೆಗೆ ಸುವಾರ್ತೆ ಹೊತ್ತವಳು.
ಒಬ್ಬಾಕೆ ನಾಯಿ ಬಿಟ್ಟಳಂತೆ,
ಒಬ್ಬಾಕೆ ಸಗಣಿನೀರು ಎರಚಿದಳಂತೆ.
ಅಜ್ಜಿ ಸೀರೆ ಒಗೆದು, ಒಣಗಿಸಿ,
ಮರುದಿನ ಅದನ್ನೇ ಉಟ್ಟು ಅದೇ ಓಣಿಗೆ.

"ಭಯ ಆಗ್ತಿರಲಿಲ್ಲೇನಜ್ಜಿ?"
"ಆಗ್ತಿತ್ತು. ಸೆರಗಿನ ತುದಿಗೆ ಗಂಟು ಹಾಕ್ಕೊಂಡೇ ಹೋಗ್ತಿದ್ದೆ ಭಯಾನ.
ಮೊದ್ಲು ನೀರು ಕೇಳ್ಬೇಕವ್ವ.
ಕೊಡಾಕ ಬಂದೀನಿ ಅಂದ್ರ ಯಾರು ಕದ ತೆಗೀತಾರ?
ಬಾಯಾರೈತಿ ಅಂದ್ರ ಚೊಂಬು ಹೊರಗ ಬರ್ತೈತಿ,
ಚೊಂಬಿನ ಹಿಂದ ಒಂದು ಕೈ,
ಕೈ ಹಿಂದ ಒಂದು ಮಾರಿ.
ಮಾತು ಆಮೇಲೆ."

ಆ ಸುದ್ದಿ ಅವಳ ಮುತ್ತಜ್ಜನಿಗೆ
ಈ ದೇಶದ ಹಡಗಿನಲ್ಲೇ ಬಂದದ್ದು.
ಈಗ ಹಡಗುಕಟ್ಟೆಯ ಪಕ್ಕದ ಪ್ರಾರ್ಥನಾಲಯದಲ್ಲಿ
ಕಾರ್ಪೆಟ್ಟು ಮಾರುತ್ತಾರೆ, ಅರ್ಧ ಬೆಲೆಗೆ.

ಸೋಮವಾರ, ಬೆಳಗಿನ ಆರು.
ನೀಲಿ ಬಲೆಯ ಟೋಪಿ, ರಬ್ಬರ್ ಬೂಟು,
ಬೆಲ್ಟಿನ ಮೇಲೆ ತಲೆಯಿಲ್ಲದೆ ಸಾಗಿ ಬರುವ ಮೀನು.
ಯಂತ್ರದ ಗದ್ದಲದಲ್ಲಿ ಸತ್ಯ ಹೇಳುವುದು ಸುಲಭ,
ಯಾರಿಗೂ ಕೇಳಿಸದು.
ಅದಕ್ಕೇ ಟೀ ಹೊತ್ತಿನ ತನಕ ಕಾದೆ.

ಹೊರಗೆ, ಗೋಡೆಗೊರಗಿ, ಪಾಲೀನ್
ಫ್ಲಾಸ್ಕಿನ ಮುಚ್ಚಳಕ್ಕೆ ಟೀ ಬಗ್ಗಿಸುತ್ತಿದ್ದಳು.
ಕಡಲೊಳಗಿನ ಗಾಳಿಯಂತ್ರಗಳ ರಿಪೇರಿಗೆಂದು
ದೋಣಿ ಹತ್ತಿ ಹೋದ ಮಗ;
ಎಂಟು ತಿಂಗಳಿಂದ ಅವನ ಹೆಸರೆತ್ತಿಲ್ಲ ಅವಳು.
ನಾನೂ ಕೇಳಿಲ್ಲ.
ಅದನ್ನೇ ಸಭ್ಯತೆ ಅಂದುಕೊಂಡಿದ್ದೆ.

ರಾತ್ರಿಯೆಲ್ಲ ಇಸ್ತ್ರಿ ಹಾಕಿಟ್ಟ ನನ್ನ ಇಂಗ್ಲಿಷು
ಬಾಯಿಗೆ ಬರುವಷ್ಟರಲ್ಲಿ ಮುದುಡಿತ್ತು.
"ಒಂದು ಗುಟುಕು ಕೊಡ್ತೀಯಾ?"
ಕೊಟ್ಟಳು. ಸಕ್ಕರೆ ಜಾಸ್ತಿ.
ಮುಚ್ಚಳದಂಚಿಗೆ ಅವಳ ತುಟಿಯ ಬಣ್ಣ.

"ಶನಿವಾರ ಆ ಹುಚ್ಚ ಅಂದೆಯಲ್ಲ,
ಅವರು ನಮ್ಮವರು, ಪಾಲೀನ್.
ನಾನು ನಕ್ಕದ್ದು ಸುಳ್ಳು.
ಸತ್ತು ಎದ್ದವನೊಬ್ಬನನ್ನು ನಂಬಿಯೇ
ದಿನಾ ಬೆಳಿಗ್ಗೆ ಈ ಬೂಟು ಹಾಕಿಕೊಳ್ಳುತ್ತೇನೆ."

ಅಷ್ಟೇ. ಬಾಯಿಪಾಠ ಮಾಡಿದ್ದ ಇನ್ನೂ ಒಂಬತ್ತು ವಾಕ್ಯ
ಎತ್ತಲೋ ಹಾರಿಹೋದವು.
ಎದೆ ಮಾತ್ರ ಹಳೆಯ ದೋಣಿಯ ಇಂಜಿನ್ನು,
ನಿಂತೂ ನಡುಗುತ್ತಿತ್ತು.

ಅವಳ ಸಿಗರೇಟು ತಾನೇ ಉರಿದು ಬೂದಿಯಾಯಿತು.
"ಎದ್ದ ಅಂತೀಯ" ಅಂದಳು ಕೊನೆಗೆ, ನನ್ನ ನೋಡದೆ,
"ನೀರಿಂದಲೂ ಏಳ್ತಾರಾ?"

ಉತ್ತರ ನನ್ನಲ್ಲಿತ್ತು,
ಅಧ್ಯಾಯ, ವಚನ ಸಮೇತ. ನಾಲಿಗೆಯ ತುದಿಗೇ ಬಂದಿತ್ತು.
ಆದರೆ ಎಲ್ಲಿಂದಲೋ ಕರಿ ಕೊಡೆಯೊಂದು
ನನ್ನ ಪಕ್ಕೆಗೆ ತಿವಿಯಿತು.

"ಅವನ ಹೆಸರು ಹೇಳು" ಅಂದೆ.

ಒಳಗೆ ಗಂಟೆ ಬಾರಿಸಿತು. ನಾವಿಬ್ಬರೂ ಕದಲಲಿಲ್ಲ.
"ಕರ್ಟಿಸ್" ಅಂದಳು.
ಟೀ ಆರುತ್ತಿತ್ತು.
ಮುಚ್ಚಳ ಇನ್ನೂ ನನ್ನ ಕೈಯಲ್ಲೇ ಇತ್ತು.